ಅವ್ವ ಕೂಡುವ ಜಾಗ

ನರೋಣಾ
12 ಜೂನ್ 2024

ಅಣ್ಣನಿಗೆ ಶರಣು.

‘ಉಭಯ ಕುಶಲೋಪರಿ’ ಎಂದು ಶುರು ಮಾಡುವುದಿಲ್ಲ. ನಿನ್ನ ಕುಶಲ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆದರೆ ಸುಳ್ಳಾಗುತ್ತದೆ. ನಾನು ಇನ್ನು ಮೇಲೆ ಸುಳ್ಳು ಬರೆಯುವುದಿಲ್ಲ.

ನನ್ನ ಫೋನ್ ಬಂದ್ ಇರುವುದನ್ನು ಕಂಡು ಗಾಬರಿಯಾಗಿರುತ್ತೀ. ಅದನ್ನು ನಾನೇ ಬಿಟ್ಟಿದ್ದೇನೆ. ಅಫಜಲಪುರದಲ್ಲಿ ಯುವಕರ ಶಿಬಿರಕ್ಕೆ ಹೋಗಿದ್ದೆನಲ್ಲ, ಕೊನೆಯ ದಿನ ಒಬ್ಬೊಬ್ಬರೂ ಎದ್ದು ನಿಂತು ಈ ಕಾಲಕ್ಕೆ ತಕ್ಕ ಒಂದು ವ್ರತ ಹೇಳಬೇಕಿತ್ತು. ಹುಡುಗರು ಗುಟ್ಕಾ ಬಿಡುತ್ತೇವೆಂದರು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವರ ಬಾಯಿ ಮತ್ತೆ ಕೆಂಪಗಿತ್ತು. ನಾನು ಫೋನ್ ಬಿಡುತ್ತೇನೆಂದೆ, ಬಿಟ್ಟೆ. ಇನ್ನು ನನಗೆ ಏನಾದರೂ ಹೇಳಬೇಕೆಂದರೆ ಟಪಾಲಿಗೆ ಹಾಕು. ಯೋಚಿಸಿ ಬರೆಯುತ್ತೀ, ಅದೇ ಲಾಭ.

‘ನಮ್ಮ ಸಪ್ನಾ ಎರಡು ರೂಪಾಯಿ ಪುಸ್ತಕದಾಗ ಜಗತ್ತು ತಿದ್ದತಾಳ’ ಎಂದು ಭೌರಮ್ಮ ವೈನಿಗೆ ಹೇಳಿ ನಗುತ್ತಿರುತ್ತೀ. ನಾನು ಊರೂರಿಗೆ ಹಂಚುವ ಆ ಕಿರುಹೊತ್ತಿಗೆಗೆ ಈಗ ಐದು ರೂಪಾಯಿ. ಆದರೆ ನನ್ನ ಪ್ರಶ್ನೆಗೆ ನಿನ್ನ ಹತ್ತಿರ ಉತ್ತರವಿದ್ದರೆ ಹೇಳು. ಹಿಂದಿನವರಿಗೆ ಧರ್ಮ ಸುಲಭವಿತ್ತು. ಬಾವಿ ತೋಡಿಸು, ಗಿಡ ಹಚ್ಚು, ಬಂದ ಜಂಗಮನಿಗೆ ನೀಡು. ಈಗ ನೀರು ನಲ್ಲಿಯಲ್ಲಿ ಬರುತ್ತದೆ, ಜಂಗಮರು ಕಾರಿನಲ್ಲಿ ಬರುತ್ತಾರೆ. ಹಾಗಾದರೆ ನಮ್ಮ ಕಾಲದ ಧರ್ಮ ಯಾವುದು?

ಶಿಬಿರದಲ್ಲಿ ಕೊಟ್ಟ ಒಂದು ಕಿರುಹೊತ್ತಿಗೆಯಲ್ಲಿ ನನಗೆ ಅದು ಸಿಕ್ಕಿತು. ದೇಹದಾನ. ಸತ್ತ ಮೇಲೆ ದೇಹವನ್ನು ಕಲಬುರಗಿಯ ವೈದ್ಯಕೀಯ ಕಾಲೇಜಿಗೆ ಕೊಡುವುದು. ಹುಡುಗರು ಅದರ ಮೇಲೆ ಕಲಿತು ಡಾಕ್ಟರಾಗುತ್ತಾರೆ. ಇದಕ್ಕಿಂತ ದೊಡ್ಡ ದಾಸೋಹ ಇದೆಯೇ? ನಾವು ಇನ್ನೂ ಹೆಣಕ್ಕೆ ಸಿಂಗಾರ ಮಾಡಿ, ಹೊಲದಲ್ಲಿ ಕುಣಿ ತೋಡಿ, ಕೂತ ಹಾಗೆಯೇ ಅದನ್ನು ಮಣ್ಣಿಗೆ ಇಳಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ, ಪತ್ರಿ ತುಂಬಿ ಮನೆಗೆ ಬರುತ್ತೇವೆ. ಅಪ್ಪನನ್ನೂ ಹಾಗೇ ಕೂಡಿಸಿ ಬಂದೆವು. ಅಪ್ಪ ಯಾರಿಗೆ ಉಪಯೋಗವಾದ?

ನನ್ನ ಹೆಸರು ಬರೆಸಿದ್ದೇನೆ. ಅವ್ವನಿಗೂ ಓದಿ ಹೇಳುತ್ತಿದ್ದೇನೆ. ಆಕೆ ಸುಮ್ಮನೆ ಕೇಳುತ್ತಾಳೆ. ಈಚೆಗೆ ಸ್ವಲ್ಪ ಏದುಸಿರು ಬರುತ್ತದೆ, ಅಷ್ಟೇ.

ನಿನ್ನ ತಂಗಿ,
ಸಪ್ನಾ

ಕೊಳಕೂರ
26 ಜೂನ್ 2024

ತಂಗಿ ಸಪ್ನಾಗೆ ಸುನೀಲಕುಮಾರನ ಆಶೀರ್ವಾದ.

ನಿನ್ನ ಪತ್ರ ಬಂತು. ಪೋಸ್ಟಿನವನು ಮೂರು ಸಲ ಹೆಸರು ಓದಿ, ಕೋರ್ಟಿನ ನೋಟೀಸೇನೋ ಎಂದು ನನ್ನ ಮುಖ ನೋಡಿದ. ಪಾಕೀಟು ತರಲು ಜೇವರ್ಗಿಗೆ ಹೋಗಬೇಕಾಯಿತು. ನಿನ್ನ ವೈನಿ ‘ಫೋನ್ ಬಿಟ್ಟಾಕಿ ಅಕಿ, ವನವಾಸ ನಮಗ’ ಅಂದಳು. ಅದಕ್ಕೆ ನೀನು ಸಿಟ್ಟಾಗಬೇಡ. ನಿನ್ನ ಪತ್ರವನ್ನು ಅವಳೇ ಎರಡು ಸಲ ಓದಿದಳು.

ಇಲ್ಲಿ ಮುಂಗಾರಿನ ಗಾಳಿಗೆ ಕಂಬಗಳು ಬಿದ್ದಿವೆ. ದಿನವಿಡೀ ಕಂಬದ ಮೇಲೆಯೇ ಇರುತ್ತೇನೆ. ಕೆಳಗೆ ನಿಂತವರು ‘ಲೈನ್‌ಮನ್ ಸಾಹೇಬ್ರ, ಕರೆಂಟ್ ಯಾವಾಗ?’ ಎಂದು ಕೂಗುತ್ತಾರೆ. ಇಕ್ಕಳ ಹಿಡಿದ ಕೈಗೆ ಪೆನ್ನು ನಿಲ್ಲುವುದಿಲ್ಲ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಈ ಕಾಲದ ಧರ್ಮ ಯಾವುದು ಎಂದು ಕೇಳಿದ್ದೀ. ನಾನು ಅಷ್ಟು ಓದಿದವನಲ್ಲ. ನೀನು ಹೇಳಿದ್ದು ಒಳ್ಳೆಯದೇ ಇರಬೇಕು. ಡಾಕ್ಟರರು ಕಲಿಯಬೇಕಲ್ಲ. ಆದರೆ ಅಪ್ಪ ಯಾರಿಗೆ ಉಪಯೋಗವಾದ ಎಂದು ಬರೆದದ್ದನ್ನು ಓದಿ ನಾನು ಆ ದಿನ ಊಟ ಮಾಡಲಿಲ್ಲ.

ಅವ್ವನನ್ನು ಡಾಕ್ಟರಿಗೆ ತೋರಿಸು. ರಾತ್ರಿ ಗೋಡೆಗೆ ಆನಿಕೊಂಡು ಕೂತೇ ನಿದ್ದೆ ಮಾಡುತ್ತಾಳಲ್ಲ, ಅದು ಒಳ್ಳೆಯ ಲಕ್ಷಣವಲ್ಲ.

ನಿನ್ನ ಅಣ್ಣ,
ಸುನೀಲಕುಮಾರ

ನರೋಣಾ
21 ಜುಲೈ 2024

ಅಣ್ಣನಿಗೆ ಶರಣು.

ಅವ್ವ ಕೂತು ನಿದ್ದೆ ಮಾಡುವುದು ನಿನಗೆ ಹೇಗೆ ಗೊತ್ತು? ನಾನು ಬರೆದಿರಲಿಲ್ಲ.

ಕಲಬುರಗಿಗೆ ಕರೆದುಕೊಂಡು ಹೋಗಿದ್ದೆ. ಹೃದಯದ ಕವಾಟ ಸವೆದಿದೆಯಂತೆ. ಆಪರೇಷನ್ ತಡೆದುಕೊಳ್ಳುವ ಶಕ್ತಿ ಆಕೆಗಿಲ್ಲ, ಗುಳಿಗೆಯ ಮೇಲೆ ನಡೆಸಿ ಎಂದರು. ಅವ್ವ ಹೊರಗೆ ಬಂದು ಕಬ್ಬಿನ ಹಾಲು ಕುಡಿದಳು. ‘ಡಾಕ್ಟರ್ ಹುಡುಗ ಚಂದ ಇದ್ದ, ನಿನಗ ನೋಡಬೇಕಿತ್ತು’ ಅಂದಳು.

ಈಗ ಮುಖ್ಯ ವಿಷಯ. ಅವ್ವ ದೇಹದಾನಕ್ಕೆ ಒಪ್ಪಿದ್ದಾಳೆ. ಸೋಮವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದಾಗ ಕೇಳಿದೆ. ‘ಸತ್ತ ಮ್ಯಾಲೆ ನನಗೇನು ಗೊತ್ತಾಗತದ, ನಿನ್ನ ಮನಸ್ಸಿಗೆ ಬಂದಂಗ ಮಾಡು’ ಅಂದಳು. ಇಷ್ಟು ದೊಡ್ಡ ಮಾತನ್ನು ಅಷ್ಟು ಹಗುರವಾಗಿ ಹೇಳಿದಳು. ಓದು ಬರಹ ಇಲ್ಲದ ನಮ್ಮವ್ವ ಗುರುಬಾಯಿ ಶಿಬಿರದಲ್ಲಿ ಭಾಷಣ ಮಾಡಿದವರೆಲ್ಲರಿಗಿಂತ ಮುಂದೆ ನಿಂತಳು ಎಂದು ನನಗೆ ಕಣ್ಣು ತುಂಬಿತು. ಮರುದಿನವೇ ಹೆಬ್ಬೆಟ್ಟು ಒತ್ತಿಸಿದೆ.

ಸಾಕ್ಷಿಗೆ ಸಹಿ ಹಾಕು ಎಂದರೆ ಮಲ್ಲಣ್ಣ ಕಾಕಾ ಕುಣಿದಾಡಿದ. ‘ನಮ್ಮ ವೈನೀನ ಆ ಹುಡುಗೂರ ಕೈಯಾಗ ಕೊಯ್ಯಾಕ ಕೊಡ್ತೀ ಏನ ಬೇ? ಮಣ್ಣಿಗೆ ಬರ ಬಂದದ ಏನು ನಮ್ಮ ಹೊಲದಾಗ?’ ಎಂದು ಬಾಗಿಲಲ್ಲೇ ನಿಂತು ಕೂಗಿದ. ಹುಳಕ್ಕೆ ಕೊಡುವುದಕ್ಕಿಂತ ಹುಡುಗರಿಗೆ ಕೊಡುವುದು ಮೇಲು ಎಂದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ತಲೆ ಎತ್ತದೆ ಹೇಳಿದಳು: ‘ಬಿಡು ಮಲ್ಲಣ್ಣ. ಅಕಿ ನಾಕು ಮಂದಿ ಮುಂದ ಮಾತು ಕೊಟ್ಟಾಳ.’ ಕಾಕಾ ಹೊರಟುಹೋದ. ಸಹಿಯನ್ನು ಶಾಲೆಯ ಗುರುಗಳು ಹಾಕಿದರು.

ಆಕೆಯ ಹಳೆಯ ಚಟಗಳು ಮಾತ್ರ ಹೋಗಿಲ್ಲ. ಏದುಸಿರು ಬಿಡುತ್ತಲೇ ಬೆಳಿಗ್ಗೆ ಹೊಲಕ್ಕೆ ಹೋಗುತ್ತಾಳೆ. ಅಪ್ಪನ ಗದ್ದುಗೆಯ ಎಡಗಡೆ ಒಂದು ಜಾಗದಲ್ಲಿ ಹುಲ್ಲು ಕೀಳುತ್ತ ಕೂಡುತ್ತಾಳೆ. ಅಲ್ಲಿ ತೊಗರಿ ಬಿತ್ತಬೇಡ ಎಂದು ಕಾಕಾನಿಗೆ ಹೇಳಿದ್ದಾಳೆ. ಚೆಂಡು ಹೂವು ಹಚ್ಚುವ ಆಸೆಯಿರಬೇಕು. ಪಕ್ಕದ ಮನೆಯ ಕರೀಮುನ್ನಿಸಾ ಚಾಚಿ ಜೊತೆಗಿರುತ್ತಾರೆ, ಅದೊಂದು ಧೈರ್ಯ.

ಸಪ್ನಾ

ಕೊಳಕೂರ
5 ಆಗಸ್ಟ್ 2024

ಸಪ್ನಾ,

ನನಗೆ ಹೇಗೆ ಗೊತ್ತಾಯಿತು ಎಂಬುದು ಇರಲಿ. ವಯಸ್ಸಾದವರು ಹಾಗೆ ಮಲಗುವುದುಂಟು.

ಒಂದು ಮಾತು ಕೇಳುತ್ತೇನೆ, ನಡೆಸಿಕೊಡು. ಅವ್ವನನ್ನು ಇನ್ನೊಂದು ಸಲ ಕೇಳು. ಕಂಬ ಹತ್ತುವ ಮೊದಲು ಲೈನ್ ಬಂದ್ ಆಗಿದೆಯೇ ಎಂದು ನಾವು ಸ್ಟೇಷನ್ನಿಗೆ ಎರಡು ಸಲ ಕೇಳುತ್ತೇವೆ. ಮೊದಲ ಸಲ ‘ಹೂಂ’ ಅಂದವನು ಚಹಾ ಕುಡಿಯುತ್ತ ಅಂದಿರಬಹುದು.

ಪುಸ್ತಕ ಕೆಳಗಿಟ್ಟು ಕೇಳು. ನಿಂತುಕೊಂಡು ಕೇಳಬೇಡ, ಆಕೆಯ ಹತ್ತಿರ ಕೂತು ಕೇಳು. ಆ ಹುಲ್ಲು ಕೀಳುವ ಜಾಗದಲ್ಲಿಯೇ ಕೇಳಿದರೆ ಇನ್ನೂ ಒಳ್ಳೆಯದು. ‘ನಿನಗ ಏನು ಬೇಕು ಅವ್ವಾ’ ಎಂದು ಅಷ್ಟೇ ಕೇಳು. ‘ಇದು ಧರ್ಮ, ಒಪ್ಪುತ್ತೀ ಏನು’ ಎಂದು ಕೇಳಬೇಡ.

ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ದೀಪಾವಳಿಗೆ ರಜೆ ಸಿಕ್ಕರೆ ಬರುತ್ತೇನೆ. ಆಗ ಕೂತು ಮಾತಾಡೋಣ.

ಸುನೀಲಕುಮಾರ

ನರೋಣಾ
14 ಆಗಸ್ಟ್ 2024

ಅಣ್ಣಾ,

ನೀನೂ ಮಲ್ಲಣ್ಣ ಕಾಕಾನ ಸಾಲಿಗೆ ಸೇರಿದೆ. ಅವನು ಬಾಗಿಲಲ್ಲಿ ನಿಂತು ಕೂಗಿದ, ನೀನು ಪಾಕೀಟಿನಲ್ಲಿ ಹಾಕಿ ಕಳಿಸಿದೆ, ಅಷ್ಟೇ ವ್ಯತ್ಯಾಸ.

ಒಪ್ಪಿದ ಮೇಲೆ ಮತ್ತೆ ಮತ್ತೆ ಕೇಳುವುದು ಅನುಮಾನ ಹುಟ್ಟಿಸುವ ದಾರಿ. ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಕಿರುಹೊತ್ತಿಗೆ ಹಂಚುವಾಗ ನನ್ನನ್ನು ನೋಡಿ ‘ಹೆಣದ ಹುಡುಗಿ ಬಂದ್ಳು’ ಎಂದು ನಗುವವರಿದ್ದಾರೆ. ಅವರ ಮುಂದೆ ನಾನು ತಲೆಯೆತ್ತಿ ನಿಲ್ಲುವುದು ಅವ್ವ ನನ್ನ ಬೆನ್ನಿಗಿದ್ದಾಳೆ ಎಂಬ ಒಂದೇ ಬಲದಿಂದ. ಆ ಬಲವನ್ನೂ ಅಲುಗಾಡಿಸಿ ನೋಡು ಎನ್ನುತ್ತೀಯಾ?

ಕೇಳುವುದಿಲ್ಲ. ಕೇಳುವ ಅಗತ್ಯವಿಲ್ಲ.

ಗುಳಿಗೆ ಸರಿಯಾಗಿ ಕೊಡುತ್ತಿದ್ದೇನೆ. ಕಾಲಿಗೆ ಬಾವು ಬಂದಿದೆ.

ಸಪ್ನಾ

ಕೊಳಕೂರ
1 ಅಕ್ಟೋಬರ್ 2024

ಸಪ್ನಾ,

ಅವ್ವ ಹೋದ ಮೇಲೆ ಮೂರು ದಿನ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ನೀರು ಕಾಯಿಸಿದ್ದೇನೆ, ಊಟಕ್ಕೆ ಬಾ ಎನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ. ಆ ದಿನ ನಾನು ಹೇಗೆ ಬಂದೆ ಎಂದು ನೀನು ಕೇಳಲಿಲ್ಲ. ಅದನ್ನು ಬರೆಯುತ್ತೇನೆ, ಇಲ್ಲದಿದ್ದರೆ ನನ್ನ ಎದೆಯಲ್ಲೇ ಕೂತುಬಿಡುತ್ತದೆ.

ಹೊತ್ತು ಹುಟ್ಟುವ ಮುಂಚೆ ಕರೀಮುನ್ನಿಸಾ ಚಾಚಿಯ ಫೋನ್ ಬಂತು. ‘ಬೇಟಾ, ಗುರುಬಾಯಿ ಹೋದಳು. ಜಲ್ದಿ ಬಾ’ ಅಂದರು. ವೈನಿಯನ್ನು ಹುಡುಗರ ಹತ್ತಿರ ಬಿಟ್ಟು ಸಿಕ್ಕ ಟಂಟಂ ಆಟೋ ಹತ್ತಿ ಜೇವರ್ಗಿಗೆ ಬಂದೆ. ಅಲ್ಲಿಂದ ಕಲಬುರಗಿ, ಕಲಬುರಗಿಯಿಂದ ಆಳಂದದ ಬಸ್ಸು. ಕಿಟಕಿಯ ಹತ್ತಿರ ಕೂತು, ಅವ್ವನ ಹಣೆಗೆ ವಿಭೂತಿ ಹಚ್ಚಿರುತ್ತಾರೆ, ಗೋಡೆಗೆ ಆನಿಸಿ ಕೂಡಿಸಿರುತ್ತಾರೆ, ಭಜನೆಯವರು ಬಂದಿರುತ್ತಾರೆ ಎಂದು ಅಂದುಕೊಳ್ಳುತ್ತ ಬಂದೆ. ಎದುರಿನಿಂದ ಲಾರಿ, ಜೀಪು, ಬಿಳಿಯ ಗಾಡಿಗಳು ಹೋದವು.

ಮನೆಗೆ ಬಂದರೆ ಅಂಗಳದಲ್ಲಿ ಜನ ಇದ್ದರು, ಒಳಗೆ ಅವ್ವ ಇರಲಿಲ್ಲ. ಕಟ್ಟೆಯ ಮೇಲೆ ಮಲ್ಲಣ್ಣ ಕಾಕಾ ಸಲಿಕೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ‘ನಿಮ್ಮವ್ವಗ ಕಲಬುರಗಿಗೆ ಒಯ್ದರು, ನಿನಗ ದಾರಿಗೆ ಸಿಗಲಿಲ್ಲೇನು?’ ಎಂದು ಕೇಳಿದ. ಸಿಕ್ಕಿರಬೇಕು ಸಪ್ನಾ. ನಮ್ಮ ಬಸ್ಸಿನ ಪಕ್ಕದಲ್ಲೇ ಹಾದು ಹೋಗಿರಬೇಕು. ಯಾವ ಗಾಡಿ ಎಂದು ನಾನು ಎಷ್ಟು ನೆನಪಿಸಿಕೊಂಡರೂ ತಿಳಿಯುವುದಿಲ್ಲ.

ಮತ್ತೆ ತಿರುಗಿ ಕಾಲೇಜಿಗೆ ಬಂದೆ. ನೀನು ವರಾಂಡದಲ್ಲಿ ನಿಂತಿದ್ದೆ. ಅಳುತ್ತಿರಲಿಲ್ಲ. ಅವರು ಬಾಗಿಲು ತೆರೆದು ಮುಖ ತೋರಿಸಿದರು. ಅಲ್ಲಿದ್ದ ಗುಮಾಸ್ತ ಒಳ್ಳೆಯ ಮನುಷ್ಯ, ನನ್ನನ್ನು ಪಕ್ಕಕ್ಕೆ ಕರೆದು, ‘ಹಿರಿ ಮಗಾ ನೀವು. ತಕರಾರು ಏನರ ಇದ್ರ ಈಗ ಹೇಳ್ರಿ, ವಾಪಸ್ ಒಯ್ಯಬಹುದು’ ಅಂದ. ನಾನು ನಿನ್ನ ಮುಖ ನೋಡಿದೆ. ‘ಇಲ್ರಿ’ ಅಂದೆ.

ಅವ್ವನ ಕೊರಳಿನಿಂದ ಬಿಚ್ಚಿ ಕೊಟ್ಟ ಇಷ್ಟಲಿಂಗ ನಿನ್ನ ಮುಷ್ಟಿಯಲ್ಲಿತ್ತು. ಅದನ್ನು ಏನು ಮಾಡಿದೆ?

ಸುನೀಲಕುಮಾರ

ನರೋಣಾ
12 ಅಕ್ಟೋಬರ್ 2024

ಅಣ್ಣನಿಗೆ ಶರಣು.

ನೀನು ಬರುವ ತನಕ ಇರಿಸಿಕೊಳ್ಳಬೇಕೆಂದಿದ್ದೆ. ಗಾಡಿಯವರು ಕಾಯಲಿಲ್ಲ. ಬೇಗ ತಂದಷ್ಟೂ ಒಳ್ಳೆಯದು ಎಂದು ಕಾಲೇಜಿನವರೂ ಹೇಳಿದ್ದರು.

ನೀನು ನೋಡದೆ ಇದ್ದ ಒಂದು ಸಂಗತಿ ಹೇಳುತ್ತೇನೆ. ಅವ್ವನನ್ನು ಒಳಗೆ ಒಯ್ಯುವಾಗ ಆ ಹುಡುಗ ಹುಡುಗಿಯರು ಎರಡೂ ಕಡೆ ಸಾಲಾಗಿ ನಿಂತು ಕೈ ಮುಗಿದರು. ಒಬ್ಬ ಹುಡುಗಿ ಚಪ್ಪಲಿ ಬಿಟ್ಟು ನಿಂತಿದ್ದಳು. ನಮ್ಮ ಊರಿನಲ್ಲಿ ಅವ್ವನಿಗೆ ಯಾರು ಹಾಗೆ ಕೈ ಮುಗಿದಿದ್ದರು? ಯಾವ ಮೆರವಣಿಗೆಯಲ್ಲಿ ಈ ಗೌರವ ಸಿಗುತ್ತಿತ್ತು? ಇದನ್ನು ಯೋಚಿಸಿ ಧೈರ್ಯ ತಂದುಕೋ. ನಾನು ತಂದುಕೊಂಡಿದ್ದೇನೆ.

ಲಿಂಗದ ವಿಷಯ. ಪುಸ್ತಕದಲ್ಲಿ ಇದರ ಬಗ್ಗೆ ಏನೂ ಬರೆದಿಲ್ಲ. ಮಠಕ್ಕೆ ಹೋಗಿ ಕೇಳಿದೆ. ಸ್ವಾಮಿಗಳು ‘ಅದು ದೇಹದ ಸಂಗಾಟ ಹೋಗೂದು ತಾಯಿ. ದೇಹ ಎಲ್ಲದ?’ ಎಂದು ಕೇಳಿದರು. ಹೊಳೆಗೆ ಬಿಡಬಹುದು ಎಂದೂ ಹೇಳಿದರು. ಭೀಮೆಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ಜಗುಲಿಯ ಮೇಲೆ ನನ್ನ ಲಿಂಗದ ಪಕ್ಕದಲ್ಲಿ ಇಟ್ಟು ಪೂಜೆ ಮಾಡುತ್ತಿದ್ದೇನೆ. ಇದು ಸರಿಯೋ ತಪ್ಪೋ ಹೇಳುವವರಿಲ್ಲ. ಹೊಸ ಕಾಲಕ್ಕೆ ಹೊಸ ಪದ್ಧತಿ ನಾವೇ ಹುಟ್ಟಿಸಬೇಕಾಗುತ್ತದೆ.

ರೊಟ್ಟಿ ಬಡಿಯುವಾಗ ಮಾತ್ರ ಲೆಕ್ಕ ತಪ್ಪುತ್ತದೆ. ದಿನವೂ ಉಳಿಯುತ್ತವೆ. ಚಾಚಿಯ ಮೇಕೆಗೆ ಹಾಕುತ್ತೇನೆ. ಚಾಚಿ ನನ್ನ ಜೊತೆ ಮೊದಲಿನ ಹಾಗೆ ಮಾತಾಡುತ್ತಿಲ್ಲ. ಏಕೆ ಎಂದು ತಿಳಿಯದು.

ಸಪ್ನಾ

ಕೊಳಕೂರ
6 ನವೆಂಬರ್ 2024

ಸಪ್ನಾ,

ದೀಪಾವಳಿಗೆ ನೀನು ಬರಲಿಲ್ಲ. ವೈನಿ ನಿನಗೆಂದು ಸೀರೆ ತಂದಿಟ್ಟಿದ್ದಾಳೆ, ಹಸಿರು ಬಣ್ಣದ್ದು. ಹುಡುಗರು ಅತ್ತಿ ಎಲ್ಲಿ ಎಂದು ಕೇಳಿದರು. ನಾನು ಬರಬೇಕೆಂದುಕೊಂಡೆ. ಆ ಮನೆಯ ಬಾಗಿಲು ನೆನಪಾಗಿ ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದೆ.

ಸುನೀಲಕುಮಾರ

ನರೋಣಾ
1 ಜನವರಿ 2025

ಅಣ್ಣಾ,

ಸೋಮವಾರ ಎಳ್ಳಮಾವಾಸ್ಯೆ ಇತ್ತು. ಸಜ್ಜಿ ರೊಟ್ಟಿ, ಭಜ್ಜಿ, ಕಡಬು ಕಟ್ಟಿಕೊಂಡು ಕಾಕಾನ ಮನೆಯವರ ಜೊತೆ ಹೊಲಕ್ಕೆ ಹೋದೆ. ಪೈರಿಗೆ ಎಡೆಯ ಚರಗ ಚೆಲ್ಲಿ ಊಟಕ್ಕೆ ಕೂಡುವ ಹೊತ್ತಿಗೆ ಕರೀಮುನ್ನಿಸಾ ಚಾಚಿ ಬಂದರು. ಪ್ರತಿ ವರ್ಷ ಅವ್ವನ ಜೊತೆ ಬರುತ್ತಿದ್ದರು, ಈ ವರ್ಷ ಒಬ್ಬರೇ ಬಂದರು. ಯಾರನ್ನೂ ಮಾತಾಡಿಸದೆ ಒಂದು ತಾಟಿನಲ್ಲಿ ಎಲ್ಲ ಬಡಿಸಿಕೊಂಡು, ಅಪ್ಪನ ಗದ್ದುಗೆಯ ಎಡಗಡೆ ಆ ಖಾಲಿ ಜಾಗದಲ್ಲಿ ಇಟ್ಟು, ಅದರ ಮುಂದೆ ಕೂತರು.

ಚಾಚಿ, ಅಪ್ಪನ ಗದ್ದುಗೆ ಈ ಕಡೆ ಇದೆ ಎಂದೆ.

‘ಗೊತ್ತದ ಬೇಟಿ’ ಅಂದರು. ‘ಇದು ನಿಮ್ಮವ್ವಂದು. ಇಲ್ಲೇ ಕೂಡ್ತೇನಿ, ಅವರ ಮಗ್ಗಲಿಗೆ ಅಂತಿದ್ಳು. ಮುಂಜಾನಿ ಮುಂಜಾನಿ ಬಂದು ಹಸನ ಮಾಡ್ತಿದ್ಳು. ನೀ ಹೂವಿನ ಮಡಿ ಅಂತ ತಿಳ್ಕೊಂಡಿ.’

ಹಾಗಾದರೆ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ‘ನಿನ್ನ ಮುಂದ ಹೇಳಂಗಿರಲಿಲ್ಲ, ನನ್ನ ಮ್ಯಾಲೆ ಕಸಮ್ ಹಾಕಿದ್ಳು. ನಿಮ್ಮಣ್ಣಗ ನನ್ನ ಫೋನಿನ್ಯಾಗ ಹೇಳ್ಯಾಳ, ಅತ್ತಕೋತ ಹೇಳ್ಯಾಳ. ಈಗ ಅಕೀನೇ ಇಲ್ಲ. ಕಸಮ್ ನಾ ಎಷ್ಟು ದಿನ ಹೊರಲಿ?’

ಮತ್ತೆ ಇದನ್ನೂ ಹೇಳಿದರು: ‘ಡ್ರೈವರ್ ಪಾಪ, ಮಗಾ ಬರೋತನ ಕಾಯ್ತೇನಿ ಅಂದ. ನೀನೇ ನಡಿ ಅಂದಿ.’

ಹೌದು. ಗಾಡಿಯವರು ಕಾಯಲಿಲ್ಲ ಎಂದು ನಿನಗೆ ಬರೆದದ್ದು ಸುಳ್ಳು. ನೀನು ಬಂದು ಅವ್ವನನ್ನು ಹಿಡಿದುಕೊಂಡು ಅತ್ತರೆ ನಾನೂ ಬೇಡವೆಂದುಬಿಡುತ್ತೇನೆ ಎಂದು ಹೆದರಿದ್ದೆ.

ಆದರೆ ನೀನು? ನಿನಗೆ ಗೊತ್ತಿತ್ತು. ಆ ಗುಮಾಸ್ತ ಕೇಳಿದಾಗಲೂ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಅವ್ವ ಸಂಜೆಯೊಳಗೆ ಹೊಲಕ್ಕೆ ಬರುತ್ತಿದ್ದಳು. ನನ್ನ ಮುಖ ನೋಡಿ ‘ಇಲ್ರಿ’ ಅಂದೆಯಂತೆ. ನನ್ನ ಮುಖದಲ್ಲಿ ಏನಿತ್ತು ಅಣ್ಣಾ? ನಾನು ಅಷ್ಟು ಕ್ರೂರಿಯ ಹಾಗೆ ಕಾಣುತ್ತೇನೆಯೇ, ಮನೆಯವರೆಲ್ಲ ನನ್ನಿಂದ ಮುಚ್ಚಿಟ್ಟುಕೊಂಡು ಸಾಯುವಷ್ಟು?

ಉತ್ತರ ಬರೆ. ಬರೆಯದಿದ್ದರೂ ನಡೆಯುತ್ತದೆ.

ಸಪ್ನಾ

ಕೊಳಕೂರ
11 ಜನವರಿ 2025

ತಂಗಿ ಸಪ್ನಾ,

ನನಗೆ ಗೊತ್ತಿತ್ತು.

ನೀನು ಫೋನ್ ಬಿಟ್ಟ ಮೇಲೆ ಅವ್ವ ವಾರಕ್ಕೊಮ್ಮೆಯಾದರೂ ಚಾಚಿಯ ಫೋನಿನಿಂದ ಮಾತಾಡುತ್ತಿದ್ದಳು. ನಿನ್ನ ವ್ರತಕ್ಕೆ ತನ್ನಿಂದ ಭಂಗ ಬರಬಾರದೆಂದು ನಿನಗೆ ತಿಳಿಯದ ಹಾಗೆ. ಹೆಬ್ಬೆಟ್ಟು ಒತ್ತಿದ ದಿನವೂ ಮಾಡಿದ್ದಳು. ‘ಸುನೀಲ, ನನಗ ನಿಮ್ಮಪ್ಪನ ಮಗ್ಗಲಿಗೆ ಕೂಡೂ ಆಸೆ ಅದ. ಅಕಿಗೆ ಹೇಳಬ್ಯಾಡ’ ಅಂದಳು. ಹೇಳದಿದ್ದರೆ ಹೇಗೆ ನಡೆಯುತ್ತದೆ ಎಂದು ಬೈದೆ. ಆಕೆ ಅಂದದ್ದು ಇದು: ‘ಅಫಜಲಪುರದ ವರಾ ವರದಕ್ಷಿಣೆ ಕೇಳಿದಾಗ ಹುಡುಗಿ ಒಬ್ಬಾಕಿನೇ ನಿಂತು ಬಾಗಲಾ ಹಾಕಿದಳು. ಊರಾಗಿನ ಮಂದಿ ನಕ್ಕರು. ಅಕಿ ಆಡಿದ ಮಾತು ಉಳಿಸ್ಕೋತಾಳ, ಅಷ್ಟೇ ಅಕಿ ಆಸ್ತಿ. ಅದನ್ನ ನಾ ಕಳೀಲೇನು?’

ನಿನ್ನನ್ನು ಕ್ರೂರಿ ಎಂದು ಯಾರೂ ತಿಳಿದಿರಲಿಲ್ಲ. ಅವ್ವ ನಿನ್ನನ್ನು ದೊಡ್ಡವಳೆಂದು ತಿಳಿದಿದ್ದಳು. ತಾಯಿ ಮಗಳಿಗೆ ಹೆದರುವುದಕ್ಕೂ ಇದಕ್ಕೂ ಎಷ್ಟು ಅಂತರ ಎಂದು ನನಗೆ ಹೇಳಲು ಬರುವುದಿಲ್ಲ.

ಆಕೆ ನನ್ನಿಂದ ಎರಡು ಮಾತು ತೆಗೆದುಕೊಂಡು ಹೋದಳು. ಅಪ್ಪನ ಪಕ್ಕದಲ್ಲಿ ಕೂಡಿಸು ಎಂಬುದು ಒಂದು, ಸಪ್ನಾಗೆ ಹೇಳಬೇಡ ಎಂಬುದು ಒಂದು. ಎರಡನ್ನೂ ನಡೆಸಲು ಬರುವುದಿಲ್ಲ ಎಂದು ನನಗೆ ಮೊದಲೇ ತಿಳಿಯಬೇಕಿತ್ತು. ದೀಪಾವಳಿಗೆ ಬಂದು ನಾನೇ ನಿನ್ನ ಹತ್ತಿರ ಮಾತಾಡುತ್ತೇನೆ, ಆಗ ಆಕೆ ಎದುರಿಗೇ ಇರುತ್ತಾಳೆ ಎಂದು ದಿನ ತಳ್ಳಿದೆ. ಅವ್ವ ದೀಪಾವಳಿಯ ತನಕ ಉಳಿಯಲಿಲ್ಲ.

ಆ ಗುಮಾಸ್ತ ಕೇಳಿದಾಗ ನಿನ್ನ ಮುಖದಲ್ಲಿ ಏನಿತ್ತು ಎಂದು ಕೇಳಿದ್ದೀ. ಒಂದನೆಯ ಇಯತ್ತೆಯಲ್ಲಿ ನಿನಗೆ ಬಹುಮಾನ ಬಂದಾಗ ಇದ್ದ ಮುಖ ಅದು. ಅವ್ವನನ್ನು ವಾಪಸ್ ಒಯ್ದರೆ ಆ ಮುಖ ಮತ್ತೆ ಏಳುವುದಿಲ್ಲ ಎನ್ನಿಸಿತು. ಸತ್ತವಳ ಆಸೆ, ಬದುಕಿದವಳ ಮುಖ. ಬದುಕಿದವಳನ್ನು ಆರಿಸಿಕೊಂಡೆ. ಈಗ ಎರಡೂ ಉಳಿಯಲಿಲ್ಲ.

ಬಯ್ಯುವುದಿದ್ದರೆ ಬಯ್ದು ಬರೆ. ಸುಮ್ಮನಿರಬೇಡ.

ಅಣ್ಣ,
ಸುನೀಲಕುಮಾರ

ಕೊಳಕೂರ
20 ಫೆಬ್ರವರಿ 2025

ಸಪ್ನಾ,

ಪತ್ರವಿಲ್ಲ. ಚಾಚಿಗೆ ಫೋನ್ ಮಾಡಿದೆ. ನೀನು ಉಣ್ಣುತ್ತೀ, ಹೊಲಕ್ಕೆ ಹೋಗುತ್ತೀ, ಪುಸ್ತಕ ಹಂಚಲು ಹೋಗುತ್ತಿಲ್ಲ ಎಂದರು. ಇಷ್ಟೇ ಗೊತ್ತಾಯಿತು. ಒಂದು ಸಾಲು ಬರೆ.

ಸುನೀಲಕುಮಾರ

ನರೋಣಾ
16 ಮಾರ್ಚ್ 2025

ಅಣ್ಣನಿಗೆ ಶರಣು.

ಬಯ್ಯಲು ಅನೇಕ ಸಲ ಕೂತೆ. ಪ್ರತಿ ಸಲ ಬೈಗುಳ ನನ್ನ ಕಡೆಗೇ ತಿರುಗಿತು. ಕೊನೆಗೆ ಬಿಟ್ಟೆ.

ಶುಕ್ರವಾರ ಕಾಲೇಜಿಗೆ ಹೋಗಿದ್ದೆ. ನಮ್ಮ ಅವ್ವನನ್ನು ವಾಪಸ್ ಕೊಡಿ ಎಂದು ಕೇಳಿದೆ. ಆ ವಿಭಾಗದ ದೊಡ್ಡ ಡಾಕ್ಟರಮ್ಮ ನನ್ನನ್ನು ಕೂಡಿಸಿಕೊಂಡು ನೀರು ಕೊಟ್ಟರು. ಹುಡುಗರ ಪಾಠ ಅರ್ಧಕ್ಕೆ ಬಂದಿದೆ, ಈಗ ಕೊಡುವ ಸ್ಥಿತಿಯಲ್ಲಿಲ್ಲ ಎಂದರು. ಪಾಠ ಮುಗಿದ ಮೇಲೆ, ಮನೆಯವರು ಬೇಕೆಂದರೆ ಮಣ್ಣಿಗೆ ಕೊಡುತ್ತಾರಂತೆ. ಬೇಕು ಎಂದು ಬರೆದುಕೊಟ್ಟು ಬಂದೆ.

ಹೊರಡುವಾಗ, ನಮ್ಮಲ್ಲಿ ಕೂಡಿಸಿ ಮಣ್ಣು ಮಾಡುತ್ತೇವೆ ಎಂದು ಅವರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ‘ಕೂಡ್ಸಾಕ ಬರಂಗಿಲ್ಲಮ್ಮ’ ಎಂದರು. ‘ಕೀಲೆಲ್ಲ ಬಿಡಿಸಿರ್ತೇವಿ. ಮಲಗಿಸಬೇಕಾಗ್ತದ.’

ದೇಹದಾನ ತಪ್ಪು ಎಂದು ನಾನು ಈಗಲೂ ಹೇಳುವುದಿಲ್ಲ. ನನ್ನ ಹೆಸರು ಅಲ್ಲಿಯೇ ಇದೆ, ತೆಗೆಸುವುದಿಲ್ಲ. ನನ್ನ ದೇಹವನ್ನು ನಾನು ಕೊಡಬಹುದು. ಅವ್ವನ ಕೈ ಹಿಡಿದು ನಾನು ಕೊಡಿಸಿದ್ದನ್ನು ದಾನ ಎನ್ನಲು ಬರುವುದಿಲ್ಲ. ಈ ಕಾಲದ ಧರ್ಮ ಯಾವುದು ಎಂದು ಊರೂರು ತಿರುಗಿ ಹೇಳಿದೆ. ಪಕ್ಕದಲ್ಲಿ ಕೂತು ಕೇಳುವುದೂ ಅದರಲ್ಲಿ ಸೇರಿದೆ ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ನಿನ್ನ ಪತ್ರದಲ್ಲಿ ಇತ್ತು. ಅದನ್ನು ನಾನು ಓದಲಿಲ್ಲ, ಉತ್ತರ ಕೊಟ್ಟೆ.

ನಮ್ಮ ಮನೆಯಲ್ಲಿ ಯಾರನ್ನೂ ಮಲಗಿಸಿ ಮಣ್ಣು ಮಾಡಿಲ್ಲ. ಹೇಗೆ ಮಾಡಬೇಕೋ ನನಗೆ ತಿಳಿಯದು. ಮಠಕ್ಕೆ ಹೋಗಿ ಕೇಳುವುದಿಲ್ಲ. ನಿನ್ನನ್ನು ಕೇಳುತ್ತಿದ್ದೇನೆ. ಏನು ಮಾಡೋಣ ಅಣ್ಣಾ?

ಸಪ್ನಾ

ಕೊಳಕೂರ
25 ಮಾರ್ಚ್ 2025

ತಂಗಿ ಸಪ್ನಾಗೆ ಆಶೀರ್ವಾದ.

ನಿನ್ನ ಪತ್ರ ಓದಿ ಎರಡು ದಿನ ಯೋಚಿಸಿದೆ. ಮಲ್ಲಣ್ಣ ಕಾಕಾನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವನು ಸಿಟ್ಟು ಮಾಡಲಿಲ್ಲ. ತಾನು ಇಷ್ಟು ವರ್ಷ ತೋಡಿದ್ದೆಲ್ಲ ಚೌಕ ಕುಣಿ, ಕೂತವರ ಅಳತೆ ತನಗೆ ಗೊತ್ತು, ಮಲಗಿದವರ ಅಳತೆ ಗೊತ್ತಿಲ್ಲ ಎಂದ. ಅವನ ದನಿ ಬಹಳ ಮುದುಕನ ದನಿಯಾಗಿತ್ತು.

ಆಮೇಲೆ ಕರೀಮುನ್ನಿಸಾ ಚಾಚಿಯ ಫೋನಿಗೆ ಮಾಡಿ, ಲಾಡ್ಲೆಸಾಬ ಚಾಚಾನಿಗೆ ಕೊಡಿ ಎಂದೆ. ಅವರ ಖಬರಸ್ತಾನದಲ್ಲಿ ಊರವರಿಗೆಲ್ಲ ತೋಡುವುದು ಅವರೇ ಅಲ್ಲವೇ? ಹೀಗೆ ಹೀಗೆ ಆಗಿದೆ, ಉದ್ದ ಕುಣಿ ಬೇಕು ಎಂದೆ. ಎಷ್ಟು ಉದ್ದ ಹೇಳಬೇಕೋ ತಿಳಿಯದೆ ತಡವರಿಸಿದೆ. ‘ಅಳತಿ ಬ್ಯಾಡ ಬೇಟಾ’ ಅಂದರು. ‘ಭಾಬಿ ದಿನಾ ನಮ್ಮ ಬಾಗಲಾಗ ಬಗ್ಗಿ ಬರ್ತಿದ್ರು. ಅವರ ಎತ್ತರ ನನಗ ಗೊತ್ತದ. ಕರೆದ ದಿನಾ ಬರ್ತೇನಿ.’

ಕಾಲೇಜಿನವರು ಹೇಳಿದ ದಿನಕ್ಕೆ ನಾನು ಒಂದು ದಿನ ಮುಂಚೆಯೇ ಬರುತ್ತೇನೆ. ಇಬ್ಬರೂ ಕೂಡಿಯೇ ಕಲಬುರಗಿಗೆ ಹೋಗಿ ತರೋಣ.

ಚಾಚಾ ಇನ್ನೊಂದು ಮಾತು ಕೇಳಿದರು. ಮಲಗಿಸುವಾಗ ತಲೆ ಯಾವ ಕಡೆ ಎಂದು. ಅವರಲ್ಲಿ ಅದಕ್ಕೆ ನಿಯಮ ಇದೆಯಂತೆ, ನಿಮ್ಮಲ್ಲಿ ಹೇಗೆ ಎಂದರು. ನಮ್ಮಲ್ಲಿ ಯಾರೂ ಇದನ್ನು ಯೋಚಿಸಿಲ್ಲ. ಅಪ್ಪ ಕೂತ ಕಡೆಗೆ ಇರಲಿ ಅಂದೆ.

ನಿನಗೇನು ಅನ್ನಿಸುತ್ತದೆ, ಬರೆ. ನೀನು ಬರೆಯುವ ತನಕ ಅವರಿಗೆ ಕೊನೆಯ ಮಾತು ಹೇಳುವುದಿಲ್ಲ.

ನಿನ್ನ ಅಣ್ಣ,
ಸುನೀಲಕುಮಾರ